ಕುದುರೆ ಫಾರಂ ಇಲ್ಲದ ಸೀಮೆಯ ಪ್ರೇಮಕಥೆ

ಅಮೆರಿಕ, ಕೆನಡಾಗಳಲ್ಲಿ ಬಲು ಜೋರಾಗಿ ಓದಿಸಿಕೊಳ್ಳುವ ಒಂದು ಬಗೆಯ ಕಾದಂಬರಿ ಇದೆ. ಮುಖಪುಟದಲ್ಲಿ ಮರದ ಬೇಲಿ, ಬೇಲಿಯಾಚೆ ಹುಲ್ಲುಗಾವಲು, ಕಂದು ಬಣ್ಣದ ಒಂದು ಕುದುರೆ, ಅದರ ಕುತ್ತಿಗೆ ಸವರುತ್ತ ನಿಂತ ಹುಡುಗಿ, ಸ್ವಲ್ಪ ದೂರದಲ್ಲಿ ಅಗಲ ಅಂಚಿನ ಟೋಪಿ ಹಾಕಿದ ಗಂಡಸು. ಒಳಗೆ ಪ್ರೇಮಕಥೆ, ಜೊತೆಗೆ ಪ್ರಾರ್ಥನೆ. ಕ್ರೈಸ್ತ ಪ್ರಣಯ ಕಾದಂಬರಿ ಎಂದು ಇದಕ್ಕೆ ಹೆಸರು. ವಿಮರ್ಶಕರು ತಿರುಗಿಯೂ ನೋಡದ ಈ ಪುಸ್ತಕಗಳನ್ನು ಹೆಂಗಸರು ವರ್ಷದುದ್ದಕ್ಕೂ ಕೊಂಡು, ಓದಿ, ಪಕ್ಕದ ಮನೆಯವರಿಗೆ ಕೊಡುತ್ತಾರೆ. ಬೆಂಗಳೂರಿನ ಹಳೆ ಪುಸ್ತಕದ ಅಂಗಡಿಗಳ ರಾಶಿಯಲ್ಲೂ ಇವು ಕೈಗೆ ಸಿಗುತ್ತವೆ. ಇದೇನು ಬಗೆ, ಇದನ್ನು ಯಾಕೆ ಇಷ್ಟು ಜನ ಓದುತ್ತಾರೆ ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ. ಹಾಗೆ ವಿವರಿಸುತ್ತ ಗಡಿಯಾಚೆ ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳ ಕಡೆಗೂ ಹೋಗಬೇಕಾಗುತ್ತದೆ. ಈ ಕಾದಂಬರಿಗಳು ಕಲ್ಪಿಸಿಕೊಳ್ಳುವ ಕಥೆಯನ್ನು ಹೋಲುವ ನಿಜದ ಕಥೆಯೊಂದು ನಡೆದದ್ದು ಆ ಬರದ ಸೀಮೆಯಲ್ಲಿ.

ಈ ಬಗೆಯ ಬೇರು ಹಳೆಯದು. ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ (1865–1947) ಎಂಬಾಕೆ ಭಕ್ತಿ ಮತ್ತು ಪ್ರೇಮವನ್ನು ಒಟ್ಟು ಹೆಣೆದು ನೂರರಷ್ಟು ಪುಸ್ತಕ ಬರೆದರು. ಆದರೆ ಇಂದಿನ ಮಾರುಕಟ್ಟೆ ಹುಟ್ಟಿದ್ದು 1979ರಲ್ಲಿ, ಕೆನಡಾದ ಜ್ಯಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್‌ಲಿ’ ಪ್ರಕಟವಾದಾಗ. ಧರ್ಮೋಪದೇಶದ ಪುಸ್ತಕಗಳನ್ನಷ್ಟೇ ಮಾರುತ್ತಿದ್ದ ಕ್ರೈಸ್ತ ಪುಸ್ತಕದಂಗಡಿಗಳಿಗೆ ಕಾದಂಬರಿಯೂ ಓಡುತ್ತದೆ ಎಂದು ಗೊತ್ತಾದದ್ದು ಆಗ. 1997ರಲ್ಲಿ ಪ್ರಣಯ ಕಾದಂಬರಿಗಳ ದೊಡ್ಡ ದೊರೆ ಹಾರ್ಲೆಕ್ವಿನ್ ಕಂಪನಿಯೇ ‘ಲವ್ ಇನ್‌ಸ್ಪೈರ್ಡ್’ ಎಂಬ ಮಾಲಿಕೆ ಶುರುಮಾಡಿತು. ಆಮೇಲೆ ಇದರೊಳಗೇ ಕವಲುಗಳು ಒಡೆದವು: ಮೋಟಾರು ಬಿಟ್ಟು ಕುದುರೆಗಾಡಿಯಲ್ಲೇ ಓಡಾಡುವ ಆಮಿಶ್ ಪಂಥದವರ ಕಥೆಗಳು, ಹಳೆಯ ಕಾಲದ ವಲಸೆಗಾರರ ಕಥೆಗಳು, ಇಂದಿನ ಕುದುರೆ ಫಾರಂಗಳ ಕಥೆಗಳು.

ಕುದುರೆ ಫಾರಂ ಕಥೆಯ ಹಂದರ ಹೆಚ್ಚುಕಡಿಮೆ ಹೀಗಿರುತ್ತದೆ. ಅಪ್ಪ ತೀರಿಕೊಂಡಿದ್ದಾನೆ, ಫಾರಂ ಮೇಲೆ ಸಾಲವಿದೆ, ಪಟ್ಟಣ ಸೇರಿದ್ದ ಮಗಳು ಮರಳಿ ಬರುತ್ತಾಳೆ. ಅಲ್ಲಿ ಕುದುರೆ ಪಳಗಿಸುವವನೊಬ್ಬ ಇದ್ದಾನೆ. ಸೈನ್ಯದಿಂದ ಗಾಯಗೊಂಡು ಬಂದವನೋ, ಹೆಂಡತಿಯನ್ನು ಕಳೆದುಕೊಂಡವನೋ. ಇಬ್ಬರಲ್ಲಿ ಒಬ್ಬರಿಗೆ ದೇವರ ಮೇಲೆ ಮುನಿಸು. ಮರಿ ಹಾಕಲು ಒದ್ದಾಡುವ ಹೆಣ್ಣು ಕುದುರೆಯ ಪಕ್ಕ ಇಬ್ಬರೂ ರಾತ್ರಿ ಕಳೆಯುವ ಒಂದು ಅಧ್ಯಾಯ ಇದ್ದೇ ಇರುತ್ತದೆ. ಬೈಗುಳವಿಲ್ಲ, ಹೆಂಡವಿಲ್ಲ, ಮದುವೆಗೆ ಮುಂಚೆ ಮೈ ಮುಟ್ಟುವಂತಿಲ್ಲ. ಪ್ರೇಮ ಕೂಡಿಬರುವ ಮೊದಲು ಮುನಿಸಿಕೊಂಡವರು ದೇವರ ಜೊತೆ ರಾಜಿಯಾಗಬೇಕು. ಕೊನೆಗೆ ಮದುವೆ. ಈ ಕಟ್ಟುಗಳನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಕ್ಷಗಾನದ ಪ್ರಸಂಗದಲ್ಲಿ ಮುಂದೇನಾಗುತ್ತದೆ ಎಂಬುದು ಗೊತ್ತಿದ್ದೂ ಬೆಳಗಿನವರೆಗೆ ಕೂರುವ ಜನ ನಾವು. ಚೌಕಟ್ಟು ಗಟ್ಟಿಯಿದ್ದಾಗ ಓದುಗರ ಗಮನ ‘ಏನಾಯಿತು’ ಎನ್ನುವುದನ್ನು ಬಿಟ್ಟು ‘ಹೇಗಾಯಿತು’ ಎನ್ನುವುದರ ಕಡೆಗೆ ಹೊರಳುತ್ತದೆ.

ಕುದುರೆಯೇ ಯಾಕೆ? ಈ ಪುಸ್ತಕಗಳಲ್ಲಿ ಬರುವ ಪಳಗಿಸುವ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ಸುಮಾರು 60 ಅಡಿ ಅಗಲದ ದುಂಡನೆಯ ಬೇಲಿ. ಒಳಗೆ ಹಗ್ಗ ಬಿಚ್ಚಿಬಿಟ್ಟ ಕುದುರೆ, ನಡುಮಧ್ಯೆ ಬರಿಗೈಯಲ್ಲಿ ನಿಂತ ಮನುಷ್ಯ. ಕುದುರೆ ಹುಟ್ಟಾ ಬೆದರುವ ಪ್ರಾಣಿ, ಗಾಬರಿಯಾದರೆ ಓಡುವುದೊಂದೇ ಅದಕ್ಕೆ ಗೊತ್ತು. ಅವನು ಅದನ್ನು ತಡೆಯುವುದಿಲ್ಲ, ಓಡಲು ಬಿಡುತ್ತಾನೆ. ಬೇಲಿಗುಂಟ ಹತ್ತಾರು ಸುತ್ತು ಓಡಿದ ಮೇಲೆ ಕುದುರೆಯ ಒಳಬದಿಯ ಕಿವಿ ಅವನ ಕಡೆ ತಿರುಗಿ ಅಲ್ಲೇ ನಿಲ್ಲುತ್ತದೆ. ಆಮೇಲೆ ತಲೆ ತಗ್ಗುತ್ತದೆ. ಬಾಯಲ್ಲಿ ಮೇವಿಲ್ಲದಿದ್ದರೂ ಅಗಿದಂತೆ ದವಡೆ ಆಡಿಸುತ್ತದೆ, ತುಟಿ ನೆಕ್ಕುತ್ತದೆ. ಆಗ ಅವನು ಕಣ್ಣು ಕೆಳಗೆ ಮಾಡಿ, ಮೈಯನ್ನು ಓರೆಯಾಗಿಸಿ, ಬೆನ್ನು ತೋರಿಸಿ ನಿಲ್ಲುತ್ತಾನೆ. ಕುದುರೆ ನಿಂತು, ಯೋಚಿಸಿ, ತಾನಾಗಿ ನಡೆದುಬಂದು ಅವನ ಭುಜಕ್ಕೆ ಮೂಗು ತಾಗಿಸುತ್ತದೆ. ಅಮೆರಿಕದ ಮಾಂಟಿ ರಾಬರ್ಟ್ಸ್ ಈ ವಿಧಾನವನ್ನು ಊರೂರು ಸುತ್ತಿ ತೋರಿಸಿ ಹೆಸರಾದವರು. ಹೊಡೆದು, ಕಾಲು ಕಟ್ಟಿ, ಸೊಕ್ಕು ಮುರಿದು ಪಳಗಿಸುವ ಹಳೆಯ ಪದ್ಧತಿಗೆ ಇದು ತದ್ವಿರುದ್ಧ. ಕ್ರೈಸ್ತ ಕಾದಂಬರಿಕಾರರಿಗೆ ಇದು ಹೇಳಿ ಮಾಡಿಸಿದ ದೃಶ್ಯ. ದೇವರು ಬಲವಂತ ಮಾಡುವುದಿಲ್ಲ, ಕಾಯುತ್ತಾನೆ ಎನ್ನುವುದು ಅವರ ನಂಬಿಕೆ. ಪ್ರೀತಿಸುವವರೂ ಹಾಗೇ ಇರಬೇಕು ಎನ್ನುವುದು ಅವರ ಕಥೆ. ಎರಡನ್ನೂ ಒಂದೇ ಬೇಲಿಯೊಳಗೆ ತೋರಿಸಬಹುದು.

ಸಾಮಾನ್ಯ ಪ್ರೇಮಕಥೆಯಲ್ಲಿ ಅಡ್ಡ ಬರುವವರು ಅಪ್ಪ, ಜಾತಿ, ಆಸ್ತಿ, ಖಳನಾಯಕ. ಇಲ್ಲಿ ಅಡ್ಡ ಬರುವುದು ಒಳಗಿನ ನಂಬಿಕೆ. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ, ಕೊರಿಂಥದವರಿಗೆ ಬರೆದ ಎರಡನೇ ಪತ್ರದ 6ನೇ ಅಧ್ಯಾಯದಲ್ಲಿ, ಹೊಂದದ ಜೋಡಿಯನ್ನು ಒಂದೇ ನೊಗಕ್ಕೆ ಹೂಡುವುದರ ಬಗ್ಗೆ ಎಚ್ಚರಿಕೆ ಇದೆ. ಎತ್ತನ್ನೂ ಕತ್ತೆಯನ್ನೂ ಕೂಡಿಸಿ ಉಳಬಾರದೆಂದು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ ಹೇಳುತ್ತದೆ. ಆರಂಬ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಡಿ ಕೂಡದಿದ್ದರೆ ನೊಗ ಒಂದು ಕಡೆ ವಾಲುತ್ತದೆ, ಸಾಲು ಸೊಟ್ಟಗಾಗುತ್ತದೆ, ಎರಡರ ಹೆಗಲೂ ಹುಣ್ಣಾಗುತ್ತದೆ. ಈ ಕಾದಂಬರಿಗಳ ನಾಯಕಿ ‘ಅವನನ್ನು ಪ್ರೀತಿಸುತ್ತೇನೆ, ಆದರೆ ಅವನೂ ನಾನೂ ಒಂದೇ ಕಡೆ ಎಳೆಯುತ್ತೇವಾ’ ಎಂದು ನಿದ್ದೆಗೆಡುವುದು ಈ ನೊಗದ ಮಾತಿನಿಂದ. ಈ ಪ್ರಶ್ನೆ ಬರೀ ಕ್ರೈಸ್ತರದ್ದೆಂದು ನಾನು ಒಪ್ಪುವುದಿಲ್ಲ. ಮದುವೆಗೆ ಮುಂಚೆ ಎಲ್ಲರೂ ಕೇಳಿಕೊಳ್ಳಬೇಕಾದ, ನಮ್ಮಲ್ಲಿ ಜಾತಕ ಮತ್ತು ಸಂಬಳದ ನಡುವೆ ಕಳೆದುಹೋಗುವ ಪ್ರಶ್ನೆ ಇದು.

ಕನ್ನಡನಾಡಿನ ಕ್ರೈಸ್ತ ಚರಿತ್ರೆಯಲ್ಲಿ ಇದಕ್ಕೆ ಹತ್ತಿರದ ಸಂಗತಿಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತನ್ನ ಪಾದ್ರಿಗಳನ್ನು ಮದುವೆಯಾಗದವರಾಗಿಯೇ ಕಳಿಸುತ್ತಿತ್ತು. ಕೆಲವು ವರ್ಷ ದುಡಿದ ಮೇಲೆ ಸಮಿತಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಹುಡುಗಿಯನ್ನು ಯೂರೋಪಿನಿಂದ ಹಡಗಿನಲ್ಲಿ ಕಳಿಸುತ್ತಿದ್ದರು, ಎಷ್ಟೋ ವಧುಗಳು ವರನ ಮುಖ ನೋಡುತ್ತಿದ್ದದ್ದೇ ಹಡಗಿನಿಂದ ಇಳಿದ ಮೇಲೆ. ‘ಮಂಗಳೂರ ಸಮಾಚಾರ’ ಪತ್ರಿಕೆಯ ಹೆರ್ಮನ್ ಮೋಗ್ಲಿಂಗ್ ತಮ್ಮ ಜೊತೆಗಾರ ವೈಗಲ್ ತೀರಿಕೊಂಡ ಮೇಲೆ ಆತನ ಪತ್ನಿ ಪೌಲಿನೆಯನ್ನು ಮದುವೆಯಾಗಿ ಕೊಡಗಿನಲ್ಲಿ ಕೆಲಸ ಮಾಡಿದರು. ನಿಘಂಟಿನ ಕಿಟೆಲ್ ಮೊದಲ ಹೆಂಡತಿಯನ್ನು ಕಳೆದುಕೊಂಡು ಆಕೆಯ ಸೋದರಿ ಜೂಲಿಯ ಕೈಹಿಡಿದರು. ನಿಘಂಟಿನ ಬಗ್ಗೆ ಎಷ್ಟೊಂದು ಬರೆದಿದ್ದೇವೆ, ಆ ಮನೆಗಳ ಒಳಗಿನ ಬದುಕಿನ ಬಗ್ಗೆ ಎಷ್ಟು ಕಡಿಮೆ! ಆ ಹೆಂಗಸರ ಪತ್ರಗಳನ್ನು ಯಾರಾದರೂ ಕನ್ನಡಕ್ಕೆ ತಂದರೆ ನಾನಂತೂ ಮೊದಲ ದಿನವೇ ಕೊಳ್ಳುತ್ತೇನೆ.

ಈಗ ಹಿಂದೂಪುರಕ್ಕೆ ಬರೋಣ. ಆ ಊರಿನಿಂದ ಕಲ್ಯಾಣದುರ್ಗಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ನಮ್ಮ ಪಾವಗಡ ತಾಲ್ಲೂಕನ್ನು ಹಾದೇ ಹೋಗುತ್ತದೆ. ಗಡಿ ಅಲ್ಲಿ ಅಷ್ಟು ಅಂಕುಡೊಂಕು. 1882ರವರೆಗೆ ಅನಂತಪುರ ಬಳ್ಳಾರಿ ಜಿಲ್ಲೆಯ ಭಾಗವೇ ಆಗಿತ್ತು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮಡಕಶಿರ, ಅಮರಾಪುರ, ರೊಳ್ಳ, ಅಗಳಿ ಕಡೆಯ ಮನೆಗಳಲ್ಲಿ ಇವತ್ತಿಗೂ ಕನ್ನಡವೇ ಮನೆಮಾತು.

ಕುದುರೆಗೂ ಹಿಂದೂಪುರಕ್ಕೂ ನಂಟಿಲ್ಲ ಎನ್ನುವಂತಿಲ್ಲ. ಗುತ್ತಿಯ ಮರಾಠ ಸರದಾರ ಮುರಾರಿರಾವ್ ಘೋರ್ಪಡೆ ತನ್ನ ತಂದೆ ಹಿಂದೂರಾವ್ ಹೆಸರಿನಲ್ಲಿ ಕಟ್ಟಿಸಿದ ಊರು ಹಿಂದೂಪುರ ಎನ್ನುತ್ತಾರೆ. 18ನೇ ಶತಮಾನದಲ್ಲಿ ಆತನ ಅಶ್ವದಳದ ಹೆಸರು ಕೇಳಿದರೆ ಮದ್ರಾಸಿನ ಇಂಗ್ಲಿಷರಿಂದ ಶ್ರೀರಂಗಪಟ್ಟಣದವರೆಗೆ ಎಲ್ಲರೂ ಎಚ್ಚರವಾಗುತ್ತಿದ್ದರು. 1776ರಲ್ಲಿ ಹೈದರಾಲಿ ಗುತ್ತಿಯನ್ನು ಹಿಡಿದ ಮೇಲೆ ಆ ವೈಭವ ಮುಗಿಯಿತು. ಇವತ್ತು ಈ ಕಡೆಯವರು ಕುದುರೆ ಫಾರಂ ನೋಡಬೇಕೆಂದರೆ ಟಿಪ್ಪುವಿನ ಕಾಲದಿಂದ ಬಂದ ಕುಣಿಗಲ್ಲಿನ ಸ್ಟಡ್ ಫಾರಂಗೇ ಹೋಗಬೇಕು. ಅದೂ ಪಂದ್ಯದ ಕುದುರೆಗಳ ತಾಣ. ಹಾಗೆಂದು ಕುದುರೆ, ದೈವ ಮತ್ತು ಪ್ರೇಮ ಮೂರೂ ಕೂಡಿದ ಕಥೆ ನಮ್ಮ ಕುರುಬರಿಗೆ ಹೊಸದೇನಲ್ಲ. ಮೈಲಾರ, ಖಂಡೋಬರ ಹಾಡುಗಳಲ್ಲಿ ಕುದುರೆಯೇರಿದ ದೇವರು ಕುರಿ ಕಾಯುವ ಹುಡುಗಿಯನ್ನು ಮೆಚ್ಚಿ, ಹಟ್ಟಿಯಲ್ಲಿ ಚಾಕರಿಗಿದ್ದು, ಮದುವೆಯಾಗುತ್ತಾನೆ. ದೇವರೇ ಕುರಿಹಟ್ಟಿಯ ಕಸ ಗುಡಿಸಿದ ಎಂದು ಹಾಡುವ ಜನರಿಗೆ ಅಮೆರಿಕದ ಕಾದಂಬರಿಯ ನಾಯಕ ಅಪರಿಚಿತನೆನ್ನಿಸುವುದು ಕಷ್ಟ.

ಇನ್ನು ಆ ನಿಜದ ಕಥೆ. ವಿಸೆಂಟ್ ಫೆರರ್ ಹುಟ್ಟಿದ್ದು 1920ರ ಏಪ್ರಿಲ್ 9ರಂದು ಸ್ಪೇನಿನ ಬಾರ್ಸಿಲೋನಾದಲ್ಲಿ. ಹದಿಹರೆಯ ದಾಟುವ ಮೊದಲೇ ಸ್ಪೇನಿನ ಅಂತರ್ಯುದ್ಧ ಅವರನ್ನು ಎಳೆದುಕೊಂಡಿತು. ಸೋತ ಪಕ್ಷದ ಸೈನಿಕನಾಗಿ ಫ್ರಾನ್ಸಿನ ಶಿಬಿರದಲ್ಲಿ ಸೆರೆಯಿದ್ದು ಬಂದರು. ಕಾನೂನು ಓದುತ್ತಿದ್ದವರು ಅದನ್ನು ಬಿಟ್ಟು 1944ರಲ್ಲಿ ಜೆಸ್ಯೂಟ್ ಸಂಘ ಸೇರಿದರು. ಆ ಸಂಘದವರು ಮೊದಲು ತೊಡುವ ವ್ರತಗಳು ಮೂರು: ಬಡತನ, ಬ್ರಹ್ಮಚರ್ಯ, ವಿಧೇಯತೆ. 1952ರಲ್ಲಿ ಮುಂಬಯಿಗೆ ಬಂದಿಳಿದು, ಮುಂದೆ ನಾಸಿಕ್ ಜಿಲ್ಲೆಯ ಮನ್ಮಾಡ್‌ನಲ್ಲಿ ನೆಲೆನಿಂತರು. ಅಲ್ಲಿ ಅವರು ಹಿಡಿದದ್ದು ನೀರಿನ ಕೆಲಸ. ಬಾವಿ ತೋಡುವ ರೈತನಿಗೆ ಗೋಧಿ, ಎಣ್ಣೆ ಕೊಡುವುದು, ಬೆಳೆ ಬಂದ ಮೇಲೆ ತೀರಿಸುವಂತೆ ಸಾಲ ಕೊಡುವುದು. ರೈತರು ಹತ್ತಿರವಾದಷ್ಟೂ ಊರಿನ ದೊಡ್ಡವರಿಗೂ ಕೆಲವು ರಾಜಕಾರಣಿಗಳಿಗೂ ಈ ಪಾದ್ರಿ ಕಣ್ಣುರಿಯಾದರು. 1968ರಲ್ಲಿ ದೇಶ ಬಿಡಬೇಕೆಂಬ ಆದೇಶ ಬಂತು. ಸುಮಾರು 30,000 ಜನ ಮನ್ಮಾಡ್‌ನಿಂದ ಮುಂಬಯಿಗೆ, 250 ಕಿಲೋಮೀಟರ್ ದೂರ, ನಡೆದು ಹೋಗಿ ಪ್ರತಿಭಟಿಸಿದರು. ಪಾದ್ರಿಯೊಬ್ಬನಿಗಾಗಿ ಅಷ್ಟು ರೈತರು, ಅದರಲ್ಲೂ ಕ್ರೈಸ್ತರಲ್ಲದ ರೈತರು, ಬಿಸಿಲಲ್ಲಿ ನಡೆದದ್ದು ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಪ್ರಧಾನಿ ಇಂದಿರಾ ಗಾಂಧಿ ನಡುದಾರಿ ಹುಡುಕಿದರು. ಫೆರರ್ ಕೆಲಕಾಲ ರಜೆಯ ಮೇಲೆ ಹೊರಗೆ ಹೋಗಲಿ, ಮತ್ತೆ ಬಂದರೆ ಸ್ವಾಗತವಿದೆ ಎಂದು ತಿಳಿಸಿದರು.

ಆ ಗದ್ದಲದ ದಿನಗಳಲ್ಲಿ ಮುಂಬಯಿಯ ‘ಕರೆಂಟ್’ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಹುಡುಗಿಯೊಬ್ಬಳು ಫೆರರ್ ಅವರನ್ನು ಸಂದರ್ಶನ ಮಾಡಲು ಹೋದಳು. ಆಕೆ ಆನ್ ಪೆರ್ರಿ, 1947ರಲ್ಲಿ ಹುಟ್ಟಿದಾಕೆ. ಇಬ್ಬರ ನಡುವೆ 27 ವರ್ಷದ ಅಂತರ. ವರದಿಗೆಂದು ಹೋದವರು ವರದಿ ಮುಗಿದ ಮೇಲೂ ಆ ಕೆಲಸದ ಜೊತೆ ಉಳಿದರು. ಪತ್ರಿಕೆಯ ಉದ್ಯೋಗ ಬಿಟ್ಟರು. 1969ರಲ್ಲಿ ಫೆರರ್ ಸ್ಪೇನಿನಿಂದ ಹಿಂತಿರುಗಿದಾಗ ಮಹಾರಾಷ್ಟ್ರದ ಬಾಗಿಲು ತೆರೆದಿರಲಿಲ್ಲ, ಆಂಧ್ರದಲ್ಲಿ ಜಾಗ ಸಿಕ್ಕಿತು. ಬೆರಳೆಣಿಕೆಯ ಜೊತೆಗಾರರೊಂದಿಗೆ ಅವರು ಅನಂತಪುರ ತಲುಪಿದರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಮುಂಗಾರೂ ಪೂರ್ತಿ ಬರುವುದಿಲ್ಲ, ಹಿಂಗಾರೂ ಪೂರ್ತಿ ಬರುವುದಿಲ್ಲ. ಕೆಂಪು ಜಾಳು ಮಣ್ಣು, ಕಡಲೆಕಾಯಿ, ಬೆಳೆ ಕೈಕೊಟ್ಟರೆ ಗುಳೆ. ಅಂಥ ಕಡೆ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಹುಟ್ಟಿತು. ಜನರ ಬಾಯಲ್ಲಿ ಅದು ಬರೀ ಆರ್‌ಡಿಟಿ.

1970ರಲ್ಲಿ ಫೆರರ್ ಜೆಸ್ಯೂಟ್ ಸಂಘ ಬಿಟ್ಟರು. ಅದೇ ವರ್ಷದ ಏಪ್ರಿಲ್‌ನಲ್ಲಿ ಆನ್ ಅವರನ್ನು ಮದುವೆಯಾದರು. ಹೇಳಲು ಎರಡು ಸಾಲು ಸಾಕು. ಬದುಕುವಾಗ ಅದು ಎರಡು ಸಾಲಿನ ಸಂಗತಿಯಾಗಿರಲಾರದು. ಮೂರೇ ವರ್ಷದ ಹಿಂದೆ, 1967ರಲ್ಲಿ, ಆರನೇ ಪೌಲ್ ಪೋಪರು ಗುರುಗಳ ಬ್ರಹ್ಮಚರ್ಯದ ನಿಯಮ ಸಡಿಲವಾಗುವುದಿಲ್ಲ ಎಂದು ಜಗತ್ತಿನ ಚರ್ಚುಗಳಿಗೆಲ್ಲ ಬರೆದಿದ್ದರು. ಆ ವರ್ಷಗಳಲ್ಲಿ ಯೂರೋಪು, ಅಮೆರಿಕಗಳಲ್ಲಿ ಸಾವಿರಾರು ಪಾದ್ರಿಗಳು ದೀಕ್ಷೆ ಬಿಟ್ಟರು. ಒಂದು ವ್ರತವನ್ನು ತೊಟ್ಟು ಕಾಲು ಶತಮಾನ ನಡೆಸಿದವರು ಅದನ್ನು ಕಳಚುವುದು ಹಗುರದ ಮಾತಲ್ಲ. ಅದನ್ನು ವಿಶ್ವಾಸದ್ರೋಹ ಎಂದವರಿದ್ದರೆ ಅವರ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಮದುವೆಯನ್ನು ನೋಡುವಾಗ ನನಗೆ ಮುಖ್ಯವಾಗಿ ಕಾಣುವುದು ಇದು: ವ್ರತ ಬಿಟ್ಟ ಫೆರರ್ ಕೆಲಸ ಬಿಡಲಿಲ್ಲ, ಬಡವರನ್ನು ಬಿಡಲಿಲ್ಲ, ಊರು ಬಿಡಲಿಲ್ಲ. ಜನರೂ ಅವರನ್ನು ‘ಫಾದರ್’ ಎಂದು ಕರೆಯುವುದನ್ನು ಬಿಡಲಿಲ್ಲ. ಹೆಂಡತಿ, ಮೂರು ಮಕ್ಕಳಿರುವ ಸಂಸಾರಿಯನ್ನು ಕೊನೆಯವರೆಗೂ ಫಾದರ್ ಎಂದೇ ಕರೆದ ಹಳ್ಳಿಯವರ ತಿಳಿವಳಿಕೆಗೆ ನಾನು ಕೈಮುಗಿಯುತ್ತೇನೆ.

ಆ ಮದುವೆಯ ಫಲ ನೋಡಬೇಕೆಂದರೆ ಕಲ್ಯಾಣದುರ್ಗದ ಆರ್‌ಡಿಟಿ ಆಸ್ಪತ್ರೆಗೆ ಹೋಗಬೇಕು. ಟ್ರಸ್ಟಿನ ಆಸ್ಪತ್ರೆಗಳು ಬತ್ತಲಪಲ್ಲಿ, ಕಣೇಕಲ್ಲುಗಳಲ್ಲೂ ಇವೆ. ಹಳ್ಳಿಯ ಹೆಣ್ಣಿಗೆ ಹೆರಿಗೆ ಎಂದರೆ ಒಂದು ಕಾಲಕ್ಕೆ ಎತ್ತಿನಗಾಡಿ, ಕತ್ತಲು, ದೇವರ ಮೇಲೆ ಭಾರ. ಬೆಳಗ್ಗೆ ಹೊರರೋಗಿಗಳ ವಿಭಾಗದ ಮುಂದೆ ಬಸುರಿಯರು, ಅವರ ಕೈಚೀಲ ಹಿಡಿದ ಅತ್ತೆಯರು, ಮಡಿಲಲ್ಲಿ ಹಸುಗೂಸು ಮಲಗಿಸಿಕೊಂಡ ಅಜ್ಜಿಯರು ಸಾಲಾಗಿ ಕೂತಿರುವುದನ್ನು ಕಂಡರೆ ಅದು ಎಷ್ಟು ಬದಲಾಗಿದೆ ಎಂದು ತಿಳಿಯುತ್ತದೆ. ಆನ್ ಅವರು ಹೆಚ್ಚು ಹಚ್ಚಿಕೊಂಡದ್ದು ಹೆಂಗಸರ ಮತ್ತು ಆರೋಗ್ಯದ ಕೆಲಸವನ್ನೇ. ಟ್ರಸ್ಟ್ ಕಟ್ಟಿಸಿಕೊಟ್ಟ ಮನೆಗಳನ್ನು ಹೆಂಗಸರ ಹೆಸರಿಗೆ ಬರೆಸುವ ಕ್ರಮ ಬಂತು. ಕುಡಿದು ಬಂದ ಗಂಡ ‘ನನ್ನ ಮನೆಯಿಂದ ಆಚೆ ಹೋಗು’ ಎನ್ನುವಂತಿಲ್ಲ. ಒಂದು ಪಟ್ಟಾ ಕಾಗದಕ್ಕೆ ಇರುವ ಬಲ ಅದು. ಇಂಗುಕೆರೆಗಳು, ದಲಿತ ಕೇರಿಗಳ ಶಾಲೆಗಳು, ಅಂಗವಿಕಲ ಮಕ್ಕಳ ವಸತಿ, ಅನಂತಪುರದ ಕ್ರೀಡಾಗ್ರಾಮ ಎಲ್ಲವೂ ಆಮೇಲಾಮೇಲೆ ಬಂದವು. ಆ ಕ್ರೀಡಾಗ್ರಾಮದಲ್ಲಿ ಟೆನಿಸ್ ಆಟಗಾರ ರಫೇಲ್ ನಡಾಲ್ ಅವರ ಪ್ರತಿಷ್ಠಾನ 2010ರಲ್ಲಿ ಬಡ ಮಕ್ಕಳಿಗೆ ಟೆನಿಸ್ ಶಾಲೆ ತೆರೆಯಿತು. ಹಣದ ಬಹುಪಾಲು ಬಂದದ್ದು ಸ್ಪೇನಿನ ಸಾಮಾನ್ಯ ಸಂಸಾರಗಳಿಂದ, ತಿಂಗಳು ತಿಂಗಳು ಒಂದಿಷ್ಟೆಂದು. ಅದಕ್ಕಾಗಿಯೇ 1996ರಲ್ಲಿ ಅಲ್ಲೊಂದು ಪ್ರತಿಷ್ಠಾನ ಹುಟ್ಟಿತು.

ಫೆರರ್ 2009ರ ಜೂನ್ 19ರಂದು ಅನಂತಪುರದಲ್ಲೇ ತೀರಿಕೊಂಡರು. ಸಮಾಧಿ ಬತ್ತಲಪಲ್ಲಿಯಲ್ಲಿದೆ. ಸಂಸ್ಥೆಯ ಹೊಣೆ ಆನ್ ಮತ್ತು ಮಗ ಮೊಂಚೊ ಅವರ ಹೆಗಲಿಗೆ ಬಂತು. 2013ರಲ್ಲಿ ಅಗುಸ್ತಿ ವಿಲ್ಲರೊಂಗಾ ಈ ಬದುಕನ್ನು ಸ್ಪ್ಯಾನಿಷ್ ಟೆಲಿಚಿತ್ರವಾಗಿ ತೆಗೆದರು, ಇಮಾನೊಲ್ ಅರಿಯಾಸ್ ಫೆರರ್ ಆಗಿ ನಟಿಸಿದರು. ಆನ್ ತಮ್ಮ ದಾಂಪತ್ಯದ ನೆನಪುಗಳನ್ನು ಸ್ಪ್ಯಾನಿಷ್‌ನಲ್ಲಿ ಪ್ರಕಟಿಸಿದ್ದಾರೆ. ಸಾವಿರಾರು ಮೈಲಿ ದೂರದ ಮ್ಯಾಡ್ರಿಡ್, ಬಾರ್ಸಿಲೋನಾಗಳ ಓದುಗರಿಗೆ ಈ ಕಥೆ ಗೊತ್ತು. ಪಾವಗಡದಿಂದ ಒಂದು ಬಸ್ಸು ಹತ್ತಿದರೆ ಕಲ್ಯಾಣದುರ್ಗ ಸಿಗುವ ನಮಗೆ ಗೊತ್ತಿರುವುದು ಆಸ್ಪತ್ರೆಯ ಹೆಸರು ಮಾತ್ರ.

ಅಮೆರಿಕದ ಕುದುರೆ ಫಾರಂ ಕಾದಂಬರಿಗಳ ಬಗ್ಗೆ ನನ್ನ ತಕರಾರು ಇರುವುದು ಒಂದೇ ಕಡೆ. ನಂಬಿಕೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡು, ನೊಗದ ಪ್ರಶ್ನೆಯನ್ನು ಅಷ್ಟು ಚೆನ್ನಾಗಿ ಕೇಳಿ, ಜೋಡಿ ಕೂಡಿದೊಡನೆ ಪುಸ್ತಕ ಮುಚ್ಚಿಬಿಡುತ್ತವೆ. ಹೂಡಿದ ಜೋಡಿ ಎಷ್ಟು ಸಾಲು ಉತ್ತಿತು, ಯಾವ ಕಲ್ಲಿಗೆ ಗುಳ ತಾಗಿತು ಎನ್ನುವುದೇ ಬರುವುದಿಲ್ಲ. ನಮ್ಮ ಕಾದಂಬರಿಕಾರರೊಬ್ಬರು, ಮಡಕಶಿರದ ಕನ್ನಡವನ್ನೂ ಕಲ್ಯಾಣದುರ್ಗದ ತೆಲುಗನ್ನೂ ಬಲ್ಲವರೊಬ್ಬರು, ಈ ಕಥೆಯನ್ನು ಬರೆಯಬೇಕೆಂದು ನನಗೆ ಆಸೆ. ಅವರು ಮನ್ಮಾಡ್‌ನಿಂದ ಹೊರಟ ಆ ಮೆರವಣಿಗೆಯಿಂದ ಶುರುಮಾಡಲಿ. ವ್ರತದ ಪ್ರಶ್ನೆಯನ್ನು ನುಣುಚಿಕೊಳ್ಳದೆ ಎದುರಿಸಲಿ. ಇಪ್ಪತ್ಮೂರರ ಆಸುಪಾಸಿನ ಇಂಗ್ಲಿಷ್ ಹುಡುಗಿ ಅನಂತಪುರದ ಬೇಸಿಗೆಯಲ್ಲಿ ಮನೆ ಹೂಡಿದಾಗ ಕೇರಿಯ ಹೆಂಗಸರು ಏನೆಂದುಕೊಂಡರು, ಮೊದಲು ಅವಳ ಹತ್ತಿರ ಮಾತಾಡಿದವರು ಯಾರು ಎಂಬುದನ್ನು ಇನ್ನೂ ಬದುಕಿರುವ ಅಜ್ಜಿಯರನ್ನು ಕೇಳಿ ತಿಳಿದು ಬರೆಯಲಿ. ಮದುವೆಯನ್ನು ನಡುವೆಯೇ ಎಲ್ಲೋ ಮುಗಿಸಿಬಿಡಲಿ, ಉಳಿದ ಪುಟಗಳೆಲ್ಲ ಅದರ ನಂತರದ 39 ವರ್ಷಗಳಿಗೆ ಇರಲಿ.